ಚೀನಾದ ರೇಷ್ಮೆ ಚಿತ್ರ, ಸೇಲಂನ ಬಿಳಿ ಪಟ್ಟೆ



ಚೀನಾದ ಕಲೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ನೀಲಿ ಹೂಬಳ್ಳಿಯ ಪಿಂಗಾಣಿ, ಮಂಜು ಕವಿದ ಬೆಟ್ಟಗಳ ಚಿತ್ರ, ಕೆಂಪು ಮೆರುಗಿನ ಮರದ ಪೆಟ್ಟಿಗೆ. ಇವೆಲ್ಲ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇರುವಂಥವು. ನಮ್ಮ ಬದುಕಿಗೂ ಅವಕ್ಕೂ ನಂಟಿಲ್ಲ ಎಂದು ತೋರುವುದು ಸಹಜ. ಆದರೆ ಆ ದೇಶದ ಕಲೆಯ ಬುಡದಲ್ಲಿರುವ ಒಂದು ವಸ್ತುವನ್ನು ಧರ್ಮಪುರಿ ಮತ್ತು ಸೇಲಂ ಜಿಲ್ಲೆಗಳ ಜನ ದಿನವೂ ಕೈಯಲ್ಲಿ ಹಿಡಿಯುತ್ತಾರೆ. ಅದು ರೇಷ್ಮೆ. ಪಾಲಕ್ಕೋಡು, ಪೆನ್ನಾಗರದ ಹೊಲಗಳಲ್ಲಿ ಹಿಪ್ಪುನೇರಳೆ ಬೆಳೆಯುವವರಿದ್ದಾರೆ. ಧರ್ಮಪುರಿಯ ಸರ್ಕಾರಿ ಮಾರುಕಟ್ಟೆಗೆ ಗೂಡು ತರುವವರಿದ್ದಾರೆ. ಸೇಲಂನ ಗುಗೈ, ಅಮ್ಮಾಪೇಟೆ, ಪೊನ್ನಮ್ಮಾಪೇಟೆಗಳಲ್ಲಿ ಮಗ್ಗದ ಮುಂದೆ ಕೂರುವವರಿದ್ದಾರೆ. ಇವರಲ್ಲಿ ಅನೇಕರ ಮನೆಮಾತು ಕನ್ನಡ. ಚೀನಾದವರು ರೇಷ್ಮೆಯನ್ನು ಹೇಗೆ ಕಲೆಯಾಗಿಸಿದರು, ಆ ದುಡಿಮೆಯನ್ನೇ ಹೇಗೆ ಚಿತ್ರವಾಗಿಸಿದರು, ಅದರಿಂದ ಈ ಎರಡು ಜಿಲ್ಲೆಗಳ ನಾವು ಕಲಿಯಬೇಕಾದದ್ದೇನು ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಒಂದು ಚಿತ್ರಮಾಲೆಯಿಂದ ಆರಂಭಿಸೋಣ. 12ನೇ ಶತಮಾನದಲ್ಲಿ, ಚೀನಾದ ಸುಂಗ್ ಅರಸರ ಕಾಲದಲ್ಲಿ, ರಾಜಧಾನಿ ಹಾಂಗ್‌ಝೌ ನಗರದ ಸಮೀಪದ ಒಂದು ತಾಲೂಕಿಗೆ ಲೌ ಶೌ ಎಂಬ ಅಧಿಕಾರಿ ಇದ್ದ. ರೈತರ ಮತ್ತು ನೇಕಾರರ ಕಷ್ಟವನ್ನು ಹತ್ತಿರದಿಂದ ಕಂಡ ಅವನು 45 ಚಿತ್ರಗಳನ್ನು ಬರೆದ. 21 ಚಿತ್ರ ಬತ್ತದ ಬೇಸಾಯಕ್ಕೆ, 24 ಚಿತ್ರ ರೇಷ್ಮೆಗೆ. ಒಂದೊಂದು ಚಿತ್ರದ ಜೊತೆಗೂ ಒಂದೊಂದು ಪದ್ಯ. ಉಳುಮೆ ಮತ್ತು ನೇಯ್ಗೆಯ ಚಿತ್ರಗಳು ಎಂದೇ ಅವು ಹೆಸರಾದವು. ಅವನ್ನು ಅವನು ಚಕ್ರವರ್ತಿ ಗಾವೊಝೊಂಗನಿಗೆ ಒಪ್ಪಿಸಿದ. ಅರಮನೆಯಲ್ಲಿ ಕೂತವರು ತಾವು ಉಣ್ಣುವ ಅನ್ನ, ತಾವು ಉಡುವ ಬಟ್ಟೆ ಯಾರ ಬೆವರಿನಿಂದ ಬಂತು ಎಂಬುದನ್ನು ತಿಳಿಯಲಿ ಎಂಬುದೇ ಅದರ ಉದ್ದೇಶ.

ಆ 24 ರೇಷ್ಮೆ ಚಿತ್ರಗಳ ವಿಷಯಗಳನ್ನು ಸ್ವಲ್ಪ ಕೇಳಿ. ಮೊಟ್ಟೆ ತೊಳೆಯುವುದು, ಮರಿಹುಳು ಇಳಿಸುವುದು, ಸೊಪ್ಪು ಕೊಡುವುದು. ಹುಳುವಿನ ಮೊದಲ ನಿದ್ದೆ, ಎರಡನೇ ನಿದ್ದೆ, ಮೂರನೇ ನಿದ್ದೆ. ಹುಳು ಬೆಳೆದಂತೆ ತಟ್ಟೆ ಬಿಡಿಸಿ ಹಂಚುವುದು, ಮರ ಹತ್ತಿ ಸೊಪ್ಪು ಕೊಯ್ಯುವುದು, ನಿದ್ದೆಯಿಂದೆದ್ದ ಹುಳುವಿನ ಮಹಾ ಹಸಿವು, ಹಣ್ಣಾದ ಹುಳುವನ್ನು ಆರಿಸುವುದು, ಗೂಡು ಕಟ್ಟಲು ಹತ್ತಿಸುವುದು, ಗೂಡು ಕಟ್ಟುವಾಗ ಬೆಂಕಿಯ ಕಾವು ಕೊಡುವುದು. ಆಮೇಲೆ ಗೂಡು ಬಿಡಿಸುವುದು, ವಿಂಗಡಿಸುವುದು, ಕೂಡಿಡುವುದು, ಬಿಸಿನೀರಿನಲ್ಲಿ ಹಾಕಿ ನೂಲು ಬಿಚ್ಚುವುದು, ಚಿಟ್ಟೆ ಮೊಟ್ಟೆಯಿಡುವುದು, ದೇವರಿಗೆ ಹರಕೆ ಒಪ್ಪಿಸುವುದು. ಕೊನೆಯಲ್ಲಿ ನೂಲು ಸುತ್ತುವುದು, ಹಾಸು ಹೂಡುವುದು, ಹೊಕ್ಕು ಸಿದ್ಧಮಾಡುವುದು, ನೇಯುವುದು, ಹೂವಿನ ವಿನ್ಯಾಸ ಎತ್ತುವುದು, ನೇಯ್ದ ಬಟ್ಟೆಯನ್ನು ಕತ್ತರಿಸುವುದು.

ಎಂಟೂವರೆ ಶತಮಾನಕ್ಕೂ ಹಿಂದಿನ ಈ ಪಟ್ಟಿಯನ್ನು ಧರ್ಮಪುರಿಯ ಯಾವ ರೇಷ್ಮೆ ಬೆಳೆಗಾರ ಹೆಂಗಸಿನ ಮುಂದೆ ಓದಿದರೂ ಆಕೆಗೆ ವಿವರಣೆ ಬೇಕಾಗುವುದಿಲ್ಲ. ಹುಳು ಪೊರೆ ಬಿಡುವ ಹೊತ್ತನ್ನು ಚೀನಾದವರು ನಿದ್ದೆ ಎಂದರು, ನಮ್ಮ ರೈತರು ಜ್ವರ ಎನ್ನುತ್ತಾರೆ. ಆ ಚಿತ್ರಗಳಲ್ಲಿ ಮೂರು ನಿದ್ದೆ. ಇಂದು ನಮ್ಮಲ್ಲಿ ಸಾಕುವ ಹುಳುಗಳಿಗೆ ನಾಲ್ಕು ಜ್ವರ. ನಾಲ್ಕನೇ ಜ್ವರದಿಂದ ಎದ್ದ ಹುಳು ತನ್ನ ಇಡೀ ಬಾಳಿನಲ್ಲಿ ತಿನ್ನುವ ಸೊಪ್ಪಿನ ಹೆಚ್ಚು ಪಾಲನ್ನು ಆ ಕೊನೆಯ ಏಳೆಂಟು ದಿನದಲ್ಲೇ ತಿನ್ನುತ್ತದೆ. ಆ ದಿನಗಳಲ್ಲಿ ಮನೆಯವರಿಗೆ ಸರಿಯಾದ ಊಟವಿಲ್ಲ, ನಿದ್ದೆಯಿಲ್ಲ. ಸೊಪ್ಪಿನ ಮೇಲೆ ನೀರಿದ್ದರೂ ಕೇಡು, ಸೊಪ್ಪು ಬಾಡಿದರೂ ಕೇಡು. ಕೋಣೆಯ ಕಾವು ಏರಿದರೂ ಇಳಿದರೂ ರೋಗ. ಮರಿಹುಳುವಿನಿಂದ ಗೂಡಿನವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಆ ಒಂದು ತಿಂಗಳು ಇಡೀ ಮನೆ ಹುಳುವಿನ ಗಡಿಯಾರಕ್ಕೆ ನಡೆಯುತ್ತದೆ. ಹಣ್ಣಾದ ಹುಳುವನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಗೆ ಬಿಟ್ಟ ಮೇಲೆ ಅದು ಎರಡು ಮೂರು ದಿನದಲ್ಲಿ ತನ್ನ ಸುತ್ತ ಒಂದೇ ಎಳೆಯನ್ನು ಸುತ್ತಿಕೊಳ್ಳುತ್ತದೆ. ಒಳ್ಳೆಯ ದ್ವಿತಳಿ ಗೂಡಿನ ಆ ಎಳೆಯನ್ನು ಬಿಚ್ಚಿದರೆ ಒಂದು ಕಿಲೋಮೀಟರಿನಷ್ಟು ಉದ್ದ ಬರುತ್ತದೆ. ಆರೇಳು ಕಿಲೋ ಗೂಡು ಬಿಚ್ಚಿದರೆ ಒಂದು ಕಿಲೋ ಕಚ್ಚಾ ರೇಷ್ಮೆ.

ಲೌ ಶೌ ಬರೆದ ಮೂಲ ಚಿತ್ರಗಳು ಇಂದು ಉಳಿದಿಲ್ಲ. ಆದರೆ ಅವುಗಳ ಪ್ರತಿಗಳು ಮೇಲಿಂದ ಮೇಲೆ ಹುಟ್ಟಿದವು. ಯುವಾನ್ ಅರಸರ ಕಾಲದ ಚಂಗ್ ಚಿ ಎಂಬ ಕಲಾವಿದನ ಪ್ರತಿ ಅಮೆರಿಕದ ವಾಷಿಂಗ್ಟನ್ನಿನ ಫ್ರಿಯರ್ ಕಲಾ ಸಂಗ್ರಹದಲ್ಲಿದೆ. 1696ರಲ್ಲಿ ಚಕ್ರವರ್ತಿ ಕಾಂಗ್‌ಶಿ ತನ್ನ ಆಸ್ಥಾನದ ಚಿಯಾವ್ ಬಿಂಗ್‌ಝೆನ್ ಎಂಬ ಚಿತ್ರಕಾರನಿಂದ ಹೊಸದಾಗಿ 46 ಚಿತ್ರಗಳನ್ನು ಬರೆಸಿ, ಪ್ರತಿಯೊಂದಕ್ಕೂ ತಾನೇ ಪದ್ಯ ಕಟ್ಟಿ, ಮರದ ಅಚ್ಚಿನಲ್ಲಿ ಮುದ್ರಿಸಿ ಹಂಚಿದ. ಆ ಚಿತ್ರಗಳು ಪಿಂಗಾಣಿಯ ಮೇಲೆ ಏರಿದವು, ಕಲ್ಲಿನ ಮೇಲೆ ಕೆತ್ತನೆಯಾದವು, ಯೂರೋಪಿನ ಶ್ರೀಮಂತರ ಗೋಡೆಯ ಕಾಗದಕ್ಕೂ ಹೋದವು. ಹುಳು ಸಾಕುವ ರೈತ ಹೆಂಗಸು ಹೀಗೆ ಜಗತ್ತಿನ ಕಲೆಯ ಒಳಗೆ ಬಂದಳು.

ರೇಷ್ಮೆ ಮತ್ತು ಚಿತ್ರಕಲೆಯ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಚೀನಾದಲ್ಲಿ ಕಾಗದಕ್ಕಿಂತ ಮೊದಲು ಚಿತ್ರ ಬರೆಯುತ್ತಿದ್ದದ್ದು ರೇಷ್ಮೆಯ ಮೇಲೆ. 1972ರಲ್ಲಿ ಹುನಾನ್ ಪ್ರಾಂತ್ಯದ ಚಾಂಗ್ಶಾ ನಗರದ ಹೊರವಲಯದ ಮಾವಾಂಗ್‌ತುಯಿ ಎಂಬಲ್ಲಿ ಒಬ್ಬ ಗಣ್ಯ ಮಹಿಳೆಯ ಗೋರಿ ಅಗೆದರು. ಕ್ರಿಸ್ತಪೂರ್ವ 2ನೇ ಶತಮಾನದ ಗೋರಿ ಅದು. ಶವಪೆಟ್ಟಿಗೆಯ ಮೇಲೆ ಎರಡು ಮೀಟರ್ ಉದ್ದದ ರೇಷ್ಮೆಯ ಪತಾಕೆ ಹೊದಿಸಿತ್ತು. ಅದರ ಮೇಲುಭಾಗದಲ್ಲಿ ಸ್ವರ್ಗ. ಒಂದು ಬದಿ ಕಾಗೆಯಿರುವ ಸೂರ್ಯ, ಇನ್ನೊಂದು ಬದಿ ಕಪ್ಪೆಯಿರುವ ಚಂದ್ರ. ನಡುವೆ ಊರುಗೋಲು ಹಿಡಿದ ಆ ಮಹಿಳೆ, ಅವಳ ಸೇವಕರು. ಕೆಳಗೆ ಪಾತಾಳ. ಎರಡು ಸಾವಿರ ವರ್ಷ ದಾಟಿದ ಮೇಲೂ ಬಣ್ಣ ಮಾಸಿರಲಿಲ್ಲ. ಅದೇ ಗೋರಿಯಲ್ಲಿ ಒಂದು ತೆಳು ರೇಷ್ಮೆಯ ನಿಲುವಂಗಿ ಸಿಕ್ಕಿತು. ತುಂಬುತೋಳಿನ ಆ ಇಡೀ ಅಂಗಿಯ ತೂಕ 49 ಗ್ರಾಂ. ನಮ್ಮ ಇಂದಿನ ನೇಕಾರರೇ ಇದನ್ನು ಕೇಳಿ ಬೆರಗಾಗಬೇಕು: ಅಷ್ಟು ಸಣ್ಣ ಎಳೆಯನ್ನು ಬಿಚ್ಚಿದ ಕೈ ಯಾವುದು, ಅದನ್ನು ಹರಿಯದಂತೆ ನೇಯ್ದ ಕೈ ಯಾವುದು?

ಇನ್ನೊಂದು ಉದಾಹರಣೆ. 1113ರಲ್ಲಿ ವಾಂಗ್ ಶಿಮೆಂಗ್ ಎಂಬ ಹದಿನೆಂಟು ವರ್ಷದ ತರುಣ ಬೆಟ್ಟ ನದಿಗಳ ಒಂದು ಮಹಾಚಿತ್ರ ಬರೆದ. ಹಸಿರು ನೀಲಿ ಬಣ್ಣಗಳ ಆ ಸುರುಳಿ ಇಂದು ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದ ಹೆಮ್ಮೆ. ಉದ್ದ ಹನ್ನೆರಡು ಮೀಟರಿಗೆ ಸ್ವಲ್ಪವೇ ಕಡಿಮೆ. ಅಷ್ಟುದ್ದವೂ ಒಂದೇ ರೇಷ್ಮೆ ಹಾಸು, ನಡುವೆ ಜೋಡಣೆಯಿಲ್ಲ. ಹುಡುಗನ ಹೆಸರನ್ನು ಚರಿತ್ರೆ ಉಳಿಸಿಕೊಂಡಿತು. ಆ ಹಾಸನ್ನು ನೇಯ್ದವರ ಹೆಸರನ್ನು ಉಳಿಸಲಿಲ್ಲ. ಕಲೆಯ ಚರಿತ್ರೆಯಲ್ಲಿ ಇದು ಎಲ್ಲ ದೇಶಗಳ ಅನ್ಯಾಯ. ಇದನ್ನು ಮನಸ್ಸಿನಲ್ಲಿಟ್ಟು ನೋಡಿದಾಗ ಲೌ ಶೌ ಮಾಡಿದ ಕೆಲಸ ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ. ಬಟ್ಟೆಯ ಮೇಲೆ ಚಿತ್ರ ಬರೆದವರು ಸಾವಿರಾರು ಮಂದಿ. ಬಟ್ಟೆ ಮಾಡುವವರ ಚಿತ್ರ ಬರೆದವರು ಬೆರಳೆಣಿಕೆಯಷ್ಟು.

ಈಗ ನೇಯ್ಗೆಯಲ್ಲೇ ಮೂಡುವ ಚಿತ್ರದ ಕಡೆ ಬರೋಣ. ಚೀನಾದ ಹಳೆಯ ವಿನ್ಯಾಸದ ಮಗ್ಗದಲ್ಲಿ ಇಬ್ಬರು ಕೆಲಸ ಮಾಡುತ್ತಿದ್ದರು. ಕೆಳಗೆ ಕೂತವನು ಲಾಳಿ ಎಸೆಯುವವನು. ಮಗ್ಗದ ಮೇಲಿನ ಅಟ್ಟದಲ್ಲಿ ಕೂತವನು ಹುರಿಗಳನ್ನು ಗುಂಪು ಗುಂಪಾಗಿ ಎಳೆದು, ಯಾವ ಹಾಸಿನ ಎಳೆ ಏಳಬೇಕು, ಯಾವುದು ಇಳಿಯಬೇಕು ಎಂದು ನಿರ್ಧರಿಸುವವನು. ವಿನ್ಯಾಸವೆಲ್ಲ ಆ ಹುರಿಗಳ ಗಂಟಿನಲ್ಲಿ ಅಡಗಿರುತ್ತಿತ್ತು. 1637ರಲ್ಲಿ ಸುಂಗ್ ಯಿಂಗ್‌ಶಿಂಗ್ ಎಂಬ ವಿದ್ವಾಂಸ ಚೀನಾದ ಕೈಕಸುಬುಗಳ ಬಗ್ಗೆ ಬರೆದ ಸಚಿತ್ರ ಗ್ರಂಥದಲ್ಲಿ ಈ ಮಗ್ಗದ ಚಿತ್ರವನ್ನೂ ಕೊಟ್ಟ. ನಾನ್‌ಜಿಂಗ್ ನಗರದ ಮೋಡದ ಜರತಾರಿ ಎಂಬ ಹೆಸರಾಂತ ಬಟ್ಟೆಯನ್ನು ಇಂದೂ ಹೀಗೆಯೇ ಇಬ್ಬರು ನೇಯುತ್ತಾರೆ. ಒಂದು ದಿನದ ದುಡಿಮೆಗೆ ಸಿಗುವುದು ಐದಾರು ಸೆಂಟಿಮೀಟರ್ ಬಟ್ಟೆ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬಾತ ಅಟ್ಟದ ಮೇಲಿನ ಮನುಷ್ಯನ ಬದಲು ತೂತು ಕೊರೆದ ರಟ್ಟುಗಳ ಸರವನ್ನು ಇಟ್ಟ. ಸೇಲಂನ ಮಗ್ಗದ ಮನೆಯಲ್ಲಿ ತಲೆಯ ಮೇಲೆ ತೂಗುವ ಆ ರಟ್ಟಿನ ಸರ ನಮಗೆಲ್ಲ ಗೊತ್ತು. ಅದರ ಹಿಂದೆ ಅಟ್ಟ ಹತ್ತಿ ಹುರಿ ಎಳೆದವರ ತಲೆಮಾರುಗಳಿವೆ.

ಆ ಮಗ್ಗಗಳಿಂದ ಬಂದ ವಿನ್ಯಾಸಗಳು ಅಲಂಕಾರವಷ್ಟೇ ಆಗಿರಲಿಲ್ಲ, ಅಧಿಕಾರದ ಗುರುತೂ ಆಗಿದ್ದವು. ಐದು ಉಗುರಿನ ಡ್ರ್ಯಾಗನ್ ಚಕ್ರವರ್ತಿಯ ಮನೆತನಕ್ಕೆ ಮೀಸಲು. ಮಿಂಗ್ ಅರಸರು 1391ರಲ್ಲಿ ಅಧಿಕಾರಿಗಳ ನಿಲುವಂಗಿಯ ಎದೆ ಬೆನ್ನಿಗೆ ಚೌಕದ ಪಟ್ಟಿ ಇರಬೇಕೆಂದು ನಿಯಮ ಮಾಡಿದರು: ಆಡಳಿತದವರಿಗೆ ಹಕ್ಕಿ, ದಂಡಿನವರಿಗೆ ಮೃಗ. ಮುಂದೆ ಚಿಂಗ್ ಅರಸರೂ ಇದನ್ನೇ ಮುಂದುವರಿಸಿದರು. ಅವರಲ್ಲಿ ಕೊಕ್ಕರೆಯ ಪಟ್ಟಿ ಆಡಳಿತದ ಮೊದಲ ದರ್ಜೆಯವರಿಗೆ. ಬಟ್ಟೆ ನೋಡಿ ಪದವಿ ಹೇಳಬಹುದಿತ್ತು. ಇನ್ನು ಸುಂಗ್ ಕಾಲದಲ್ಲಿ ಎತ್ತರಕ್ಕೇರಿದ ಕೆಸಿ ಎಂಬ ನೇಯ್ಗೆಯಲ್ಲಿ ಹೊಕ್ಕಿನ ಎಳೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡುವುದಿಲ್ಲ. ತನ್ನ ಬಣ್ಣ ಬೇಕಾದಷ್ಟು ಜಾಗದಲ್ಲಿ ಮಾತ್ರ ಹೋಗಿ ಹಿಂದಿರುಗುತ್ತದೆ. ಕುಂಚದಲ್ಲಿ ಬರೆದ ಹೂವು ಹಕ್ಕಿಗಳನ್ನು ಅವರು ಲಾಳಿಯಲ್ಲಿ ಮರಳಿ ಬರೆದರು. ಕಂಚಿಯ ಸೀರೆಯಲ್ಲಿ ಮೂರು ಲಾಳಿ ಹಾಕಿ, ಅಂಚಿನ ಬಣ್ಣದ ಹೊಕ್ಕನ್ನು ಒಡಲಿನ ಹೊಕ್ಕಿಗೆ ಕೊಂಡಿಯಂತೆ ಸಿಕ್ಕಿಸಿ ನೇಯುವುದೂ ಇದೇ ತರ್ಕದ ಕೆಲಸ. ಇಬ್ಬರು ನೇಕಾರರು ಒಬ್ಬರನ್ನೊಬ್ಬರು ನೋಡದೆ ಒಂದೇ ಉಪಾಯಕ್ಕೆ ಬರಬಲ್ಲರು. ಎಳೆಯ ಸ್ವಭಾವವೇ ಇಬ್ಬರಿಗೂ ಗುರು.

ಈ ರೇಷ್ಮೆ ನಮ್ಮ ನಾಡಿಗೆ ಬಂದ ಬಗೆ ಹೇಗೆ? ನಮಗೆ ನಮ್ಮದೇ ಕಾಡಿನ ರೇಷ್ಮೆ ಇತ್ತು. ಹರಪ್ಪದ ಕಾಲದ ಅವಶೇಷಗಳಲ್ಲೇ ಅದರ ಎಳೆ ಸಿಕ್ಕಿದೆ. ಚೀನಾದ ಹಿಪ್ಪುನೇರಳೆ ರೇಷ್ಮೆಯೂ ಬಹಳ ಹಿಂದೆಯೇ ಇಲ್ಲಿ ಹೆಸರಾಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರ ಚೀನಾದ ಪಟ್ಟೆಯನ್ನು ಎಣಿಸುತ್ತದೆ. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ಮನಸ್ಸಿಗೆ ಹೋಲಿಕೆಯಾಗಿ ಬರುವುದು ಗಾಳಿಗೆ ಎದುರಾಗಿ ಒಯ್ಯುವ ಚೀನೀ ರೇಷ್ಮೆಯ ಬಾವುಟ. 7ನೇ ಶತಮಾನದಲ್ಲಿ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕಂಚಿಯವರೆಗೂ ಬಂದ. 720ರಲ್ಲಿ ಕಂಚಿಯ ಪಲ್ಲವ ಅರಸ ರಾಜಸಿಂಹನ ರಾಯಭಾರ ಚೀನಾದ ಟಾಂಗ್ ಆಸ್ಥಾನಕ್ಕೆ ಹೋದಾಗ ಚಕ್ರವರ್ತಿ ಕೊಟ್ಟ ಉಡುಗೊರೆಗಳಲ್ಲಿ ಹೂವಿನ ನೇಯ್ಗೆಯ ರೇಷ್ಮೆ ನಿಲುವಂಗಿ ಒಂದು.

ಬಟ್ಟೆ ಬಂತು, ಹುಳು ಸುಲಭವಾಗಿ ಬರಲಿಲ್ಲ. ಹುಳು ಸಾಕುವ ವಿದ್ಯೆಯನ್ನು ಚೀನಾ ಬಹುಕಾಲ ಬಿಟ್ಟುಕೊಡಲಿಲ್ಲ. ಖೋತಾನ ರಾಜ್ಯಕ್ಕೆ ಸೊಸೆಯಾಗಿ ಹೊರಟ ಚೀನೀ ರಾಜಕುಮಾರಿಯೊಬ್ಬಳು ಹುಳುವಿನ ಮೊಟ್ಟೆಯನ್ನು ತನ್ನ ಶಿರೋಭೂಷಣದಲ್ಲಿ ಅಡಗಿಸಿ ತಂದಳು ಎಂಬ ಕಥೆಯನ್ನು ಹ್ಯೂಯೆನ್ ತ್ಸಾಂಗನೇ ಬರೆದಿದ್ದಾನೆ. ಆ ಕಥೆಯ ಚಿತ್ರವಿರುವ ಒಂದು ಮರದ ಹಲಗೆ 1900ರಲ್ಲಿ ಮಧ್ಯ ಏಷ್ಯಾದ ಮರಳಿನಲ್ಲಿ ಆರೆಲ್ ಸ್ಟೈನ್ ಎಂಬವರಿಗೆ ಸಿಕ್ಕಿತು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ದಾಸಿಯೊಬ್ಬಳು ರಾಜಕುಮಾರಿಯ ಕಿರೀಟದತ್ತ ಕೈ ತೋರುತ್ತಿದ್ದಾಳೆ, ಗುಟ್ಟು ಇಲ್ಲಿದೆ ನೋಡಿ ಎನ್ನುವಂತೆ.

ನಮ್ಮ ಭಾಗಕ್ಕೆ ಹುಳು ಬರುವುದಕ್ಕೆ ಟಿಪ್ಪು ಸುಲ್ತಾನನ ಆಸಕ್ತಿ ಕಾರಣ. ಬಂಗಾಳದಿಂದಲೂ ಮಸ್ಕತ್ತಿನಿಂದಲೂ ಹುಳು ತರಿಸಲು ಅವನು ಪಟ್ಟ ಶ್ರಮ ಅವನ ಪತ್ರಗಳಲ್ಲಿ ಕಾಣುತ್ತದೆ. ಇಂದಿನ ಧರ್ಮಪುರಿ, ಕೃಷ್ಣಗಿರಿ ಸೇರಿದ ಬಾರಾಮಹಲ್ ಪ್ರದೇಶವೂ ಸೇಲಂ ಭಾಗವೂ 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಕೈಯಲ್ಲೇ ಇದ್ದವು. ಅದಕ್ಕೂ ಬಹಳ ಹಿಂದೆ ಧರ್ಮಪುರಿ ತಗಡೂರು ಎನಿಸಿಕೊಂಡಿದ್ದಾಗ ನೊಳಂಬ ಅರಸ ಮಹೇಂದ್ರ ಅಲ್ಲಿ ಕನ್ನಡ ಶಾಸನ ಹಾಕಿಸಿದ್ದ. ಅದರ ಕಾಲ ಶಕ 815, ಅಂದರೆ ಕ್ರಿ.ಶ. 893. ಈ ನೆಲದಲ್ಲಿ ಕನ್ನಡ ಹೊಸಬರ ಮಾತಲ್ಲ.

ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿ ರೇಷ್ಮೆ ಕೃಷಿಯ ನೆಲೆ ಕೊಳ್ಳೇಗಾಲ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮದ್ರಾಸ್ ಸರ್ಕಾರ ಹೊಸೂರು, ಧರ್ಮಪುರಿ ಭಾಗದಲ್ಲಿ ಆ ಕೃಷಿಯನ್ನು ಹೊಸದಾಗಿ ಬೆಳೆಸಬೇಕಾಯಿತು. ಇಂದು ತಮಿಳುನಾಡಿನ ರೇಷ್ಮೆ ಇಲಾಖೆಯ ನಿರ್ದೇಶನಾಲಯ ಇರುವುದೇ ಸೇಲಂನಲ್ಲಿ. ಕೇಂದ್ರ ರೇಷ್ಮೆ ಮಂಡಳಿಯ ಸಂಶೋಧನಾ ಕೇಂದ್ರವೂ ಸೇಲಂನಲ್ಲಿದೆ. 2004ರವರೆಗೆ ಧರ್ಮಪುರಿ ಜಿಲ್ಲೆಗೇ ಸೇರಿದ್ದ ಹೊಸೂರಿನಲ್ಲಿ ರೇಷ್ಮೆ ತಳಿಗಳನ್ನು ಕಾಪಾಡುವ ರಾಷ್ಟ್ರೀಯ ಕೇಂದ್ರವಿದೆ. ಸಾವಿರಕ್ಕೂ ಹೆಚ್ಚು ಬಗೆಯ ಹಿಪ್ಪುನೇರಳೆ ಗಿಡಗಳು, ನೂರಾರು ಬಗೆಯ ಹುಳುಗಳು ಅಲ್ಲಿ ಜೀವಂತವಾಗಿವೆ; ಅವುಗಳಲ್ಲಿ ಚೀನಾ, ಜಪಾನು ಮೂಲದವೂ ಇವೆ. ನಮ್ಮ ಹಳೆಯ ಮೈಸೂರು ತಳಿಯ ಗೂಡು ಹಸಿರುಮಿಶ್ರಿತ ಹಳದಿ. ಇಂದು ಧರ್ಮಪುರಿ ಮಾರುಕಟ್ಟೆಯ ಹೆಸರು ಬೆಳೆಸಿದ ದ್ವಿತಳಿ ಗೂಡು ಅಚ್ಚ ಬಿಳಿ. ಆ ಬಿಳುಪಿನಲ್ಲಿ ಪೂರ್ವದೇಶಗಳ ತಳಿಗಳ ಪಾಲಿದೆ.

ಬಿಳಿ ಎಂದೊಡನೆ ಸೇಲಂನ ಮಾತು ಬರಲೇಬೇಕು. ಸೇಲಂಗೆ ಹೆಸರು ತಂದದ್ದು ವೆಣ್‌ಪಟ್ಟು, ಅಂದರೆ ಬಿಳಿ ಪಟ್ಟೆಯ ಪಂಚೆ ಮತ್ತು ಅಂಗವಸ್ತ್ರ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಚೀನಾದ ಸಂಪ್ರದಾಯದಲ್ಲಿ ಬಿಳಿ ಬಟ್ಟೆ ಸಾವಿನ ಮನೆಯದು, ಮದುವೆಗೆ ಕೆಂಪು. ನಮ್ಮಲ್ಲಿ ಧಾರೆಯ ಹೊತ್ತಿನಲ್ಲಿ ಮದುಮಗ ಉಡುವುದೇ ಬಿಳಿ ಪಟ್ಟೆ. ಚೀನಾದ ಕಲೆಗಾರ ಡ್ರ್ಯಾಗನ್, ಮೋಡ, ಅಲೆ, ಹಕ್ಕಿಗಳಿಂದ ಬಟ್ಟೆಯನ್ನು ತುಂಬಿದ. ಸೇಲಂನ ನೇಕಾರ ಒಡಲನ್ನು ಖಾಲಿ ಬಿಟ್ಟು, ಅಂಚಿನಲ್ಲಿ ಮಾತ್ರ ಒಂದು ಜರಿಯ ಗೆರೆ ಎಳೆದ. ಖಾಲಿ ಬಿಡುವುದು ಸುಲಭವೆಂದು ತಿಳಿಯಬೇಡಿ. ಹೂವಿನ ನಡುವೆ ಒಂದು ಎಳೆ ದಪ್ಪವಾದರೆ ಕಣ್ಣು ಕ್ಷಮಿಸುತ್ತದೆ. ಬಿಳಿಯ ಒಡಲಿನಲ್ಲಿ ಒಂದು ಗಂಟು ಇದ್ದರೂ ಹುಣ್ಣಿಮೆಯ ಚಂದ್ರನ ಕಲೆಯಂತೆ ಎದ್ದು ಕಾಣುತ್ತದೆ. ಹುರಿ ಸಮವಾಗಿರಬೇಕು. ನೂಲನ್ನು ಕುದಿಸಿ ಅಂಟು ತೆಗೆಯುವಾಗ ತೂಕದಲ್ಲಿ ಕಾಲು ಭಾಗದಷ್ಟು ಹೋಗುತ್ತದೆ. ಕುದಿ ಕಡಿಮೆಯಾದರೆ ಹೊಳಪಿಲ್ಲ, ಹೆಚ್ಚಾದರೆ ಎಳೆಗೆ ಬಲವಿಲ್ಲ. ಬೆಳಗಿನ ತಂಪಿನಲ್ಲಿ ಬೀದಿಯುದ್ದಕ್ಕೂ ಹಾಸು ಎಳೆದು ಕಟ್ಟಬೇಕು. ಆಮೇಲೆ ಕುಣಿ ಮಗ್ಗದಲ್ಲಿ ಕಾಲಿಳಿಸಿ ಕೂತು, ಒಂದೇ ಬಲದಲ್ಲಿ ಫಣಿ ಬಡಿಯಬೇಕು.

ಸೇಲಂನ ನೇಕಾರರಲ್ಲಿ ದೇವಾಂಗರು ಮುಖ್ಯರು. ಅವರಲ್ಲಿ ಕನ್ನಡ ಮಾತಾಡುವ ಮನೆಗಳು ಬಹಳ. ಸೌರಾಷ್ಟ್ರ ಭಾಷೆಯ ನೇಕಾರರು, ತೆಲುಗು ಭಾಷೆಯ ನೇಕಾರರು, ತಮಿಳರು ಎಲ್ಲರೂ ಅಕ್ಕಪಕ್ಕದಲ್ಲೇ ಇದ್ದಾರೆ. ದೇವಾಂಗರ ಮನೆದೇವತೆ ಚೌಡೇಶ್ವರಿ. ದೇವತೆಗಳ ಮಾನ ಮುಚ್ಚಲು ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲು ತರುತ್ತಿದ್ದ ದೇವಲ ಮುನಿಯನ್ನು ರಾಕ್ಷಸರು ಅಡ್ಡಗಟ್ಟಿದಾಗ ಅವನನ್ನು ಕಾಯಲು ಬಂದವಳು ಆಕೆ. ಹಬ್ಬದ ದಿನ ವೀರಕುಮಾರರು ಕತ್ತಿ ಹಿಡಿದು ಅಲಗು ಸೇವೆ ಮಾಡುತ್ತ ತಾಯಿಯನ್ನು ಕರೆತರುತ್ತಾರೆ. ಚೀನಾದವರಿಗೂ ಇಂಥದೊಂದು ಕಥೆಯಿದೆ. ಹಳದಿ ಚಕ್ರವರ್ತಿಯ ರಾಣಿ ಲೇಝು ರೇಷ್ಮೆಯ ಎಳೆಯನ್ನು ಮೊದಲು ಕಂಡುಹಿಡಿದವಳೆಂದೂ, ಹುಳು ಸಾಕುವುದನ್ನು ಜನರಿಗೆ ಕಲಿಸಿದವಳೆಂದೂ ಅವರು ಅವಳನ್ನು ಪೂಜಿಸಿದರು. ಬೀಜಿಂಗಿನ ಬೈಹಾಯ್ ಉದ್ಯಾನದಲ್ಲಿ 1742ರಲ್ಲಿ ಕಟ್ಟಿದ ರೇಷ್ಮೆ ದೇವತೆಯ ಪೀಠವಿದೆ. ವಸಂತದಲ್ಲಿ ಮಹಾರಾಣಿಯೇ ಅಲ್ಲಿಗೆ ಹೋಗಿ ಪೂಜೆ ಸಲ್ಲಿಸಿ, ತನ್ನ ಕೈಯಾರೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ವಿಧಿಯಿತ್ತು. ನೂಲು ದೇವರ ಕೊಡುಗೆ, ನೇಯುವವರು ದೇವರ ಮಕ್ಕಳು ಎಂಬ ನಂಬಿಕೆ ಎರಡೂ ಕಡೆ ಒಂದೇ.

ಕೇಳುಗರೇ, ನಂಬಿಕೆಯ ಜೊತೆಗೆ ಮಾರುಕಟ್ಟೆಯ ಮಾತನ್ನೂ ಆಡಬೇಕು. ಜಗತ್ತಿನ ರೇಷ್ಮೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಚೀನಾ ಉತ್ಪಾದಿಸುತ್ತದೆ. ಎರಡನೇ ಸ್ಥಾನ ಭಾರತದ್ದು. ಚೀನಾದ ನೂಲು ಸಮ, ಬಲ ಹೆಚ್ಚು ಎಂದು ನಮ್ಮ ನೇಕಾರರು ಹಾಸಿನ ಎಳೆಗೆ ಅದನ್ನೇ ಕೇಳಿದ ಕಾಲವಿದೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. ಮುಂದೆ ಸುಂಕವನ್ನು ಮತ್ತೆ ಏರಿಸಬೇಕಾಯಿತು. ಇಲ್ಲಿ ರೈತನದೂ ತಪ್ಪಲ್ಲ, ನೇಕಾರನದೂ ತಪ್ಪಲ್ಲ. ಒಬ್ಬನಿಗೆ ಗೂಡಿಗೆ ಬೆಲೆ ಬೇಕು, ಇನ್ನೊಬ್ಬನಿಗೆ ಹರಿಯದ ಎಳೆ ಬೇಕು. ನನ್ನ ನಿಲುವು ಇದು: ಇಬ್ಬರ ನಡುವಿನ ಕೊಂಡಿಯಾದ ನೂಲು ಬಿಚ್ಚುವ ಘಟಕಗಳು ಗಟ್ಟಿಯಾಗಬೇಕು. ಧರ್ಮಪುರಿಯ ಬಿಳಿ ಗೂಡು ಒಳ್ಳೆಯ ಯಂತ್ರದಲ್ಲಿ, ಒಳ್ಳೆಯ ಕೈಯಲ್ಲಿ ಬಿಚ್ಚಿದರೆ ಸೇಲಂನ ಮಗ್ಗಕ್ಕೆ ಬೇಕಾದ ಹಾಸು ಇಲ್ಲೇ ಸಿಗುತ್ತದೆ. ಸೊಪ್ಪಿನಿಂದ ಪಂಚೆಯವರೆಗೆ ಎಲ್ಲ ಹಂತವೂ ಒಂದು ಹಗಲಿನ ದಾರಿಯೊಳಗೆ ಇರುವ ನಾಡು ನಮ್ಮದು. ಇಂಥ ಅನುಕೂಲ ಎಷ್ಟು ಕಡೆ ಇದೆ?

ಇನ್ನೊಂದು ಕೊರತೆ ಇದೆ. ಅದು ಸರ್ಕಾರದ ಸುಂಕದಿಂದ ತುಂಬುವಂಥದಲ್ಲ. ಚೀನಾ ತನ್ನ ರೇಷ್ಮೆಯ ದುಡಿಮೆಯನ್ನು ಚಿತ್ರದಲ್ಲಿ, ಗ್ರಂಥದಲ್ಲಿ, ಪೂಜೆಯಲ್ಲಿ ದಾಖಲಿಸಿತು. 1992ರಲ್ಲಿ ಹಾಂಗ್‌ಝೌನಲ್ಲಿ ರೇಷ್ಮೆಗೆಂದೇ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆಯಿತು. 2009ರಲ್ಲಿ ಚೀನಾದ ರೇಷ್ಮೆ ಕೃಷಿ ಮತ್ತು ಕುಶಲಕಲೆ ಯುನೆ‌ಸ್ಕೋದ ಪಟ್ಟಿಗೆ ಸೇರಿತು. ನಮ್ಮ ಸೇಲಂನ ಬಿಳಿ ಪಟ್ಟೆ ನೇಯುವ ಹಂತಗಳ ಚಿತ್ರಮಾಲೆ ಎಲ್ಲಿದೆ? ಜ್ವರ, ಚಾಕಿ, ಚಂದ್ರಂಕಿ, ಕಂಡಿಕೆ, ಉಂಕಿ, ಫಣಿ ಎಂಬ ಮಾತುಗಳನ್ನು ಆಡುವ ಕೊನೆಯ ತಲೆಮಾರು ಇದೇ ಆಗಿಬಿಟ್ಟರೆ? ಮನೆಯಲ್ಲಿ ಕನ್ನಡ ಆಡುವ ದೇವಾಂಗರ ಮಕ್ಕಳು ಶಾಲೆಯಲ್ಲಿ ಓದುವುದು ತಮಿಳು, ಇಂಗ್ಲಿಷು. ಮಗ್ಗ ಬಿಟ್ಟ ಮನೆಯಲ್ಲಿ ಮಗ್ಗದ ಮಾತೂ ಬಿಟ್ಟುಹೋಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಕೆಲವು. ಪಾಲಕ್ಕೋಡು, ಪೆನ್ನಾಗರ, ಧರ್ಮಪುರಿಯ ಶಾಲೆಗಳ ಮೇಷ್ಟರು, ಟೀಚರಮ್ಮಂದಿರು ಮಕ್ಕಳಿಂದ ತಮ್ಮ ಊರಿನ ರೇಷ್ಮೆ ಮನೆಯ ಚಿತ್ರ ಬರೆಸಲಿ. ಮೊಟ್ಟೆಯಿಂದ ಮಾರುಕಟ್ಟೆಯವರೆಗೆ ಒಂದೊಂದು ಹಂತಕ್ಕೂ ಒಂದೊಂದು ಚಿತ್ರ. ಸೇಲಂನಲ್ಲಿ 1960ರಿಂದ ಇರುವ ಭಾರತೀಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು ಹಿರಿಯ ನೇಕಾರರ ಬಾಯಿಂದ ಕೆಲಸದ ವಿವರ ಕೇಳಿ ಬರೆದಿಡಲಿ. ನೇಕಾರರ ಮನೆಯ ಅಜ್ಜ ಅಜ್ಜಿಯರು ಮಗ್ಗದ ಮಾತುಗಳನ್ನು ಹೇಳುವಾಗ ಮೊಮ್ಮಕ್ಕಳು ಮೊಬೈಲಿನಲ್ಲಿ ಧ್ವನಿ ಹಿಡಿಯಲಿ. ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ ಇರಲಿ. ಸಹಕಾರ ಸಂಘಗಳು ಪ್ರತಿ ಪಂಚೆಯ ತುದಿಯಲ್ಲಿ ಅದನ್ನು ನೇಯ್ದವರ ಹೆಸರನ್ನೂ ಊರನ್ನೂ ಹಚ್ಚಲಿ. ಇನ್ನು ಕೊಳ್ಳುವವರಾದ ನಾವು. ಮದುವೆಗೆ ಪಟ್ಟೆ ಕೊಳ್ಳುವಾಗ ಬೆಲೆ ಕೇಳುವ ಮೊದಲು ಇದು ಕೈಮಗ್ಗದ್ದೋ, ಯಾವ ಊರಿನದೋ ಎಂದು ಕೇಳೋಣ. ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡೋಣ. ಒಂದು ಪಂಚೆಯ ಹಿಂದೆ ಎಷ್ಟು ಗೂಡಿನ ಎಳೆ, ಎಷ್ಟು ರಾತ್ರಿಯ ನಿದ್ದೆಗೆಟ್ಟ ದುಡಿಮೆ ಇದೆ ಎಂದು ತಿಳಿದವರು ಬೆಲೆಗೆ ಚೌಕಾಸಿ ಮಾಡಲಾರರು.

ನೇಯುವವರ ಹೆಸರನ್ನು ಬರೆದಿಡದ ಅನ್ಯಾಯ ನಮ್ಮ ಕಾಲದಲ್ಲಾದರೂ ಮುಗಿಯಲಿ. ನಿಮ್ಮ ಬೀದಿಯಲ್ಲಿ ಮಗ್ಗವಿದ್ದರೆ ಈ ವಾರವೇ ಅಲ್ಲಿಗೆ ಹೋಗಿ, ಮಗ್ಗದ ಮುಂದೆ ಕೂತವರ ಹೆಸರು ಕೇಳಿ, ಬರೆದಿಡಿ.